ಚಾಷ್ಟಿ

ಇಂಡಿ ಪ್ಯಾಟ್ಯಾಗ ಲಿಂಬಿಹಣ್ಣಿನ ರೇಟು ತೀರ ಕೆಳಗಿಳಿಸಿ ಕೇಳಿದರೆ ರೈತ ಸಿಟ್ಟಿಗೇಳುವ ಮೊದಲು ಒಂದು ಮಾತು ಅಂದು ನೋಡುತ್ತಾನೆ: ‘ಏನ್ರೀ ಸಾವ್ಕಾರ್ರ, ಚಾಷ್ಟಿ ಮಾಡ್ಲಾಕತ್ತೀರೇನು?’ ಮುದ್ದೇಬಿಹಾಳದಲ್ಲಿ ಮನೆ ಕಟ್ಟಿಸುತ್ತಿರುವವನು ‘ಇದೇನು ಚಾಷ್ಟಿ ಮಾತಲ್ಲಪಾ’ ಅಂತ ಉಸಿರು ಬಿಡುತ್ತಾನೆ. ಆಡಬಾರದ್ದನ್ನು ಆಡಿ ಸಿಕ್ಕಿಬಿದ್ದವನಿಗೆ ‘ಚಾಷ್ಟಿಗಿ ಅಂದೆ’ ಅನ್ನುವುದೊಂದೇ ಹಿಂಬಾಗಿಲು.

ಮೂಲ ಹುಡುಕಿದರೆ ಸಂಸ್ಕೃತದ ಚೇಷ್ಟಾ. ಅಲ್ಲಿ ಅದಕ್ಕೆ ಚಲನೆ, ಪ್ರಯತ್ನ ಎಂಬಂಥ ಗಂಭೀರ ಅರ್ಥ. ಭಗವದ್ಗೀತೆಯ 6ನೇ ಅಧ್ಯಾಯದಲ್ಲಿ ಯೋಗಿ ಊಟ, ನಿದ್ದೆ ಎಲ್ಲ ಹಿತಮಿತವಾಗಿ ಇಟ್ಟುಕೊಳ್ಳಬೇಕೆಂದು ಹೇಳುವಲ್ಲಿ ಈ ಪದ ಬರುತ್ತದೆ. ಮೈಸೂರು ಕಡೆ ಚೇಷ್ಟೆ ಎಂದರೆ ಹುಡುಗರ ತುಂಟತನ. ಮರಾಠಿಯಲ್ಲಿ ಗೇಲಿ. ಸೊಲ್ಲಾಪುರದ ಗಾಳಿ ಬೀಸುವ ನಮ್ಮ ವಿಜಯಪುರ ಜಿಲ್ಲೆಗೆ ಬಂದು, ತಮಾಷೆ ಎಂಬರ್ಥದ ಮಸ್ಕಿರಿಯನ್ನು ಜೋಡಿ ಮಾಡಿಕೊಂಡು ಚಾಷ್ಟಿ-ಮಸ್ಕಿರಿ ಆಯಿತು. ಯೋಗಿಯ ಪಕ್ಕದಲ್ಲಿದ್ದ ಪದ ಭಾವ-ನಾದಿನಿಯ ನಡುವೆ ಬಂದು ಕೂತಿತು.

ಅಲ್ಲಿ ಕೂತ ಮೇಲೆ ಅದಕ್ಕೆ ಒಂದಿಷ್ಟು ಕಾಯ್ದೆಗಳು ಹುಟ್ಟಿದವು. ಬೀಗರಿಗೆ ಮಾಡಬಹುದು, ಮಾವನ ಮಗಳಿಗೆ ಮಾಡಬಹುದು. ತಂಗಿಯ ಎದುರು ಅದೇ ಮಾತು ಆಡಿದರೆ ಹಲ್ಕಟ್. ಹೋಳಿ ಹುಣ್ಣಿಮೆಗೆ ಊರಿಗೆ ಊರೇ ಬಾಯಿ ಬಡಕೊಳ್ಳುತ್ತ ಏನೇನೋ ಕೂಗಬಹುದು. ಬಣ್ಣ ತೊಳೆದ ಮರುದಿನ ಕೂಗಿದರೆ ಕಪಾಳಕ್ಕೆ ಬೀಳುತ್ತದೆ. ಇನ್ನೊಂದು ಕಾಯ್ದೆ ಎಲ್ಲಕ್ಕಿಂತ ದೊಡ್ಡದು: ಚಾಷ್ಟಿ ಮಾಡಿಸಿಕೊಂಡವರಿಗೆ ತಿರುಗಿ ಮಾಡುವ ಹಕ್ಕು ಇರಬೇಕು. ನಾದಿನಿ ಉತ್ತರ ಕೊಟ್ಟಾಗ ಭಾವನ ಮುಖ ಸಣ್ಣದಾಗಬೇಕು. ಇಲ್ಲವಾದರೆ ಅದು ಬರೇ ಕಾಡಾಟ.

ಈ ಕಾಯ್ದೆಯನ್ನು ನಾನು ಒಬ್ಬ ನಟನಿಗೂ ಹಚ್ಚಿ ನೋಡುತ್ತೇನೆ. ರಾಜು ತಾಳಿಕೋಟಿ. ಹೆಸರಿನಲ್ಲಿ ತಾಳಿಕೋಟಿ, ಮನೆ ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿ. ಖಾಸ್ಗತೇಶ್ವರ ನಾಟ್ಯ ಸಂಘದ ಟೆಂಟಿನಲ್ಲಿ ಬೆಳೆದವರು. ಮುಸ್ಲಿಂ ಮನೆತನ, ಕಂಪನಿಗೆ ತಾಳಿಕೋಟಿಯ ಶರಣರ ಹೆಸರು. ಇದರಲ್ಲಿ ನಮ್ಮ ಕಡೆ ಯಾರಿಗೂ ವಿಶೇಷ ಕಂಡಿಲ್ಲ. ಅವರ ‘ಕಲಿಯುಗದ ಕುಡುಕ’ ನಾಟಕ ಕ್ಯಾಸೆಟ್ ಆಗಿ ಹೊಲಮನೆಗಳನ್ನೆಲ್ಲ ಹೊಕ್ಕಿತು. ವೃತ್ತಿ ಕಂಪನಿಗೆ ಸರ್ಕಾರಿ ಸಂಬಳವಿಲ್ಲ, ಉತ್ಸವಗಳ ಆಮಂತ್ರಣವಿಲ್ಲ; ಜಾತ್ರೆಯಲ್ಲಿ ತಗಡಿನ ಥೇಟರ್ ಕಟ್ಟಿ, ಟಿಕೀಟು ಮಾರಿದರೆ ರಾತ್ರಿ ಊಟ.

ತಾಳಿಕೋಟಿಯವರ ನಾಟಕದಲ್ಲಿ ಪೋಲಿ ಮಾತು ಇತ್ತೇ? ಇತ್ತು, ಧಾರಾಳವಾಗಿ ಇತ್ತು. ಅದನ್ನು ಮರೆಮಾಚಿ ಅಭಿಮಾನ ತೋರಿಸುವವನು ನಾನಲ್ಲ. ಆದರೆ ಕುಡುಕನ ಪಾತ್ರದ ಜಾಣತನ ನೋಡಿರಿ: ತೂರಾಡುವವನು ಅವನೇ, ಬೀಳುವವನೂ ಅವನೇ, ಎಲ್ಲರಿಗಿಂತ ಮೊದಲು ನಗೆಪಾಟಲಿಗೆ ಈಡಾಗುವವನೂ ಅವನೇ. ತನ್ನ ಮಾನ ಒತ್ತೆ ಇಟ್ಟು ಊರ ಹಿರಿಯರ ಮಾನಕ್ಕೆ ಕೈಹಾಕುತ್ತಾನೆ. ಅದು ಅಪ್ಪಟ ಚಾಷ್ಟಿ. ಇದೇ ಜಾತ್ರೆಗಳಲ್ಲಿ ಬೇರೆ ಎಷ್ಟೋ ನಾಟಕಗಳು ಹೆಸರಿನಲ್ಲೇ ಡಬಲ್ ಮೀನಿಂಗ್ ಹೊತ್ತು ಬರುತ್ತವೆ. ಅವುಗಳಲ್ಲಿ ನಟಿ ಬರುವುದು ಹಾಸ್ಯಗಾರನ ಮಾತು ಕೇಳಿಸಿಕೊಳ್ಳಲಿಕ್ಕೆ ಮಾತ್ರ; ಅವಳಿಗೆ ತಿರುಗೇಟಿನ ಒಂದು ಸಾಲೂ ಇರುವುದಿಲ್ಲ. ಅಲ್ಲಿ ನನಗೆ ನಗು ಬರುವುದಿಲ್ಲ. ಶ್ಲೀಲ-ಅಶ್ಲೀಲದ ಜಗಳ ನನ್ನದಲ್ಲ. ಅದು ಚಾಷ್ಟಿಯ ಮಟ್ಟಕ್ಕೆ ಏರಲಿಲ್ಲವಲ್ಲ ಎಂಬುದು ನನ್ನ ತಕರಾರು.

ಚಾಷ್ಟಿಯ ಈ ರುಚಿ ನಿನ್ನೆ ಮೊನ್ನೆಯದಲ್ಲ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1930ರ ದಶಕದಲ್ಲಿ ಜನರ ಬಾಯಿಯ ಹಾಡು ಕೂಡಿಸಿದರು. ‘ಗರತಿಯ ಹಾಡು’ ತಂದವರೇ ‘ಜೀವನ ಸಂಗೀತ’ದಲ್ಲಿ ಲಾವಣಿಗಳನ್ನೂ ಅಚ್ಚು ಹಾಕಿಸಿದರು. ಬೀಸುಕಲ್ಲಿನ ಮುಂದಿನ ಹೆಣ್ಣಿಗೂ ಡಪ್ಪು ಹಿಡಿದ ಲಾವಣಿಕಾರನಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ಮಂದಿ ಅವರು. ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿಯ ಜಾತ್ರೆಯಲ್ಲೂ ಭಜನಿಯ ಕಿವಿ, ಚಾಷ್ಟಿಯ ಕಿವಿ ಅಂತ ಬೇರೆಬೇರೆ ಇಲ್ಲ.

2009ರಲ್ಲಿ ನಿರ್ದೇಶಕ ಯೋಗರಾಜ ಭಟ್ಟರು ‘ಮನಸಾರೆ’ ಸಿನಿಮಾಕ್ಕೆ ತಾಳಿಕೋಟಿಯವರನ್ನು ಕರೆದೊಯ್ದರು. ಭಟ್ಟರ ಪೋಲಿತನ ನನಗೂ ಇಷ್ಟ, ಆ ಸಿನಿಮಾವೂ ಇಷ್ಟ. ಆದರೆ ಆಮೇಲೆ ಒಂದು ವಿಚಿತ್ರ ನಡೆಯಿತು. ಟೆಂಟಿನಲ್ಲಿ ತಾಳಿಕೋಟಿಯವರು ಏನಂದರು ಅಂತ ಮಂದಿ ನಗುತ್ತಿದ್ದರು. ಬೆಂಗಳೂರಿನ ಥೇಟರಿನಲ್ಲಿ ಹೆಂಗಂದರು ಅಂತ ನಕ್ಕರು. ಮಾತು ಹೋಗಿ ಮಾತಿನ ಧಾಟಿಯೇ ಜೋಕಾಯಿತು. ಮುಂದೆ ಅವರು ಧಾರವಾಡ ರಂಗಾಯಣದ ನಿರ್ದೇಶಕರೂ ಆದರು. 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಈಗಲೂ ರಾಜಧಾನಿಯಲ್ಲಿ ನಾನು ಬಾಯಿ ತೆರೆದರೆ ‘ನೀವು ಥೇಟ್ ಆ ಸಿನಿಮಾದವರ ಥರ ಮಾತಾಡ್ತೀರಲ್ಲ’ ಅನ್ನುವವರು ಸಿಗುತ್ತಾರೆ. ಸಿಟ್ಟಿಗೆದ್ದು ನಮ್ಮ ಭಾಷೆಯಲ್ಲೇ ನಾಲ್ಕು ಬೈದರೆ, ಅದಕ್ಕೂ ನಗುತ್ತಾರೆ.