ಗೋ, ವೆಂಟ್, ಗಾನ್

ಹಳ್ಳಿಯ ಕನ್ನಡ ಮೀಡಿಯಂ ಶಾಲೆಗಳಲ್ಲಿ ಇಂಗ್ಲಿಷ್ ಕಲಿತವರಿಗೆ ಒಂದು ಪಟ್ಟಿ ಈಗಲೂ ಬಾಯಿಪಾಠ ಇರುತ್ತೆ. ಕಮ್-ಕೇಮ್-ಕಮ್, ಸಿಂಗ್-ಸ್ಯಾಂಗ್-ಸಂಗ್, ಗೋ-ವೆಂಟ್-ಗಾನ್. ಮಗ್ಗಿ ಥರ ರಾಗ ಹಾಕಿ ಹೇಳ್ತಿದ್ವಿ. ಕಮ್‌ಗೂ ಕೇಮ್‌ಗೂ ಏನೋ ನಂಟಿದೆ ಅಂತ ಕಿವಿಗೇ ಗೊತ್ತಾಗುತ್ತೆ. ಆದರೆ ಗೋ ಎಲ್ಲಿ, ವೆಂಟ್ ಎಲ್ಲಿ? ಒಂದಕ್ಷರವೂ ಸೇರಲ್ಲ. ಕೇಳಿದರೆ 'ಅದು ಹಾಗೇ, ಕಲ್ತ್ಕೋ' ಅನ್ನೋ ಉತ್ತರ ಸಿಗ್ತಿತ್ತು.

ಅದು ಯಾಕೆ ಹಾಗೆ ಅನ್ನೋದಕ್ಕೆ ಸಾವಿರ ವರ್ಷದ ಕಥೆಯಿದೆ.

ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದ 'ಗಾನ್' ಅಂತಿತ್ತು. ಹೋಗು ಅನ್ನೋದರ ಜೊತೆಗೆ ಕಾಲ್ನಡಿಗೆಯಲ್ಲಿ ನಡೆ ಅನ್ನೋ ಅರ್ಥವೂ ಇತ್ತು. ತಮಾಷೆ ಅಂದರೆ ಆಗಲೂ ಅದಕ್ಕೆ ಸ್ವಂತ ಭೂತಕಾಲ ಇರಲಿಲ್ಲ. 'ಹೋದ' ಅನ್ನೋಕೆ ಬೇರೆಯದೇ ಬೇರಿನ 'ಏಯೋದೆ' ಅನ್ನೋ ಪದ ಬಳಸ್ತಿದ್ದರು. ಇನ್ನೊಂದು ಕಡೆ 'ವೆಂಡ್' ಅನ್ನೋ ಮತ್ತೊಂದು ಕ್ರಿಯಾಪದ ಇತ್ತು. ಮೊದಲು ಅದರ ಅರ್ಥ ತಿರುಗು, ಆಮೇಲೆ ದಾರಿ ಹಿಡಿದು ಸಾಗು. ಸೆಂಡ್-ಸೆಂಟ್, ಸ್ಪೆಂಡ್-ಸ್ಪೆಂಟ್ ಇದ್ದ ಹಾಗೆ ವೆಂಡ್-ವೆಂಟ್. ಹಳೆಯ ಏಯೋದೆ ಸವೆದು ಸವೆದು ಮರೆಯಾಗ್ತಾ ಬಂತು. ಸುಮಾರು 1500ರ ಹೊತ್ತಿಗೆ ಇಂಗ್ಲೆಂಡಿನ ದಕ್ಷಿಣದಲ್ಲಿ ವೆಂಟ್ ಆ ಜಾಗದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಪಾಪ, ತನ್ನದನ್ನು ಕೊಟ್ಟ ವೆಂಡ್ ಈಗ 'ವೆಂಡೆಡ್' ಅಂತ ಹೊಸ ಭೂತಕಾಲ ಹೊಲಿಸಿಕೊಂಡಿದೆ.

ಉತ್ತರದಲ್ಲಿ ಬೇರೆ ಥರ ಆಯಿತು. ಸ್ಕಾಟ್‌ಲೆಂಡಿನವರು ಎರವಲಿಗೆ ಹೋಗದೆ, ಹೋಗು ಅನ್ನೋ 'ಗೇ'ಗೆ ನೇರವಾಗಿ ಭೂತಕಾಲದ ಬಾಲ ಅಂಟಿಸಿ 'ಗೇಡ್' ಅಂದರು. 1759ರಲ್ಲಿ ಹುಟ್ಟಿದ ಅವರ ದೊಡ್ಡ ಕವಿ ರಾಬರ್ಟ್ ಬರ್ನ್ಸ್ ಕೂಡ ಇದನ್ನು ಬಳಸಿದ್ದಾನೆ. ಅಂದರೆ ಮಕ್ಕಳು 'ಗೋಡ್' ಅಂದಾಗ ನಾವು ನಗ್ತೀವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕಾಚಾರ ಅಲ್ಲಿ ಕವಿತೆಯಾಗಿದೆ. ಇಂಗ್ಲಿಷ್ ಮನೆಮಾತಾಗಿರೋ ಮಕ್ಕಳೂ ಮೂರು-ನಾಲ್ಕು ವರ್ಷದಲ್ಲಿ ಗೋಡ್ ಅಂತಾರೆ. ನಿಯಮ ಅರ್ಥವಾಗಿದೆ ಅನ್ನೋದಕ್ಕೆ ಅದೇ ಸಾಕ್ಷಿ.

ಹಾಗಾದರೆ ಇಂಥ ವಕ್ರ ರೂಪಗಳು ಯಾಕೆ ನೆಟ್ಟಗಾಗಲಿಲ್ಲ? 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳ ಬೆನ್ನು ಹತ್ತಿತು. ಅವುಗಳಲ್ಲಿ ಇವತ್ತಿಗೂ ಅನಿಯಮಿತವಾಗಿ ಉಳಿದಿರೋದು 98. ಉಳಿದವು ಸಾಲಿನಲ್ಲಿ ಬಂದು ನಿಂತಿವೆ. ಲೆಕ್ಕ ಸರಳ: ನೂರು ಪಟ್ಟು ಕಡಿಮೆ ಬಳಕೆಯಾಗೋ ಪದ ಹತ್ತು ಪಟ್ಟು ಬೇಗ ನೆಟ್ಟಗಾಗುತ್ತೆ. ದಿನಾ ನೂರು ಸಲ ಬಾಯಲ್ಲಿ ಆಡೋ ಪದವನ್ನು ಯಾರೂ ಮರೆಯಲ್ಲ, ಹಾಗಾಗಿ ಅದು ತನ್ನ ಹಳೇ ಚಾಳಿ ಬಿಡಲ್ಲ. ನಮ್ಮ ಐಟಿಯಲ್ಲೂ ಅಷ್ಟೇ ಅಲ್ಲವಾ? ಎಲ್ಲರೂ ಬಳಸೋ ಹಳೇ ಕೋಡನ್ನು ಮುಟ್ಟೋ ಧೈರ್ಯ ಯಾರಿಗೂ ಇರಲ್ಲ.

ಹೀಗೆ ತೇಪೆ ಹಾಕಿದ ಪದವೇ ಮುಂದೆ ಕಾಲವನ್ನೂ ಹೊತ್ತಿತು. 'ಗೋಯಿಂಗ್ ಟು' ಅಂದರೆ ಮೊದಲು ನಿಜವಾಗಲೂ ಎದ್ದು ಹೊರಡೋದು, ಏನೋ ಮಾಡೋಕೆ ಅಂತ ಎಲ್ಲಿಗೋ ಹೋಗೋದು. ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ ಕಾಲು ಕದಲಿಸದೇನೇ 'ಇನ್ನೇನು ಆಗಲಿದೆ' ಅನ್ನೋ ಅರ್ಥ ಅದಕ್ಕೆ ಬರತೊಡಗಿತು. ಇವತ್ತು 'ಇಟ್ಸ್ ಗೋಯಿಂಗ್ ಟು ರೇನ್' ಅಂದರೆ ಮಳೆ ಎಲ್ಲಿಗೂ ಹೊರಟಿಲ್ಲ. ಮಾತಲ್ಲಿ ಅದು ಸವೆದು 'ಗನ್ನಾ' ಆಯಿತು. ಆದರೆ 'ಐ ಯಾಮ್ ಗನ್ನಾ ಮೈಸೂರು' ಅನ್ನೋ ಹಾಗಿಲ್ಲ. ಪ್ರಯಾಣಕ್ಕೆ ಪೂರ್ತಿ ರೂಪವೇ ಬೇಕು, ಭವಿಷ್ಯಕ್ಕೆ ಮಾತ್ರ ಸವೆದದ್ದು ನಡೆಯುತ್ತೆ.

ಕನ್ನಡದ 'ಹೋಗು' ಕೂಡ ಹೀಗೇ ಸುತ್ತಾಡಿದೆ. ಹಳಗನ್ನಡದ 'ಪೋಗು' ಪಕಾರ ಕಳೆದುಕೊಂಡು ಹೋಗು ಆಯಿತು. ಪೋದಂ ಹೋದ ಆದನೇ ಹೊರತು ಬೇರೆಯವರ ಭೂತಕಾಲ ತರಲಿಲ್ಲ. ಆದರೆ ಅರ್ಥ ನೋಡಿ. ಕರೆಂಟ್ ಹೋಯ್ತು, ಹಾಲು ಒಡೆದುಹೋಯ್ತು, ಅಜ್ಜ ಹೋಗಿಬಿಟ್ಟ. ಇವುಗಳಲ್ಲಿ ಯಾರೂ ಬಸ್ಸು ಹತ್ತಿಲ್ಲ. 'ಹೇಳೋಕೆ ಹೋದೆ' ಅಂದರೆ ಪ್ರಯತ್ನಪಟ್ಟೆ ಅಂತ, 'ಹೇಳ್ತಾ ಹೋದ' ಅಂದರೆ ನಿಲ್ಲಿಸಲಿಲ್ಲ ಅಂತ. ಇದನ್ನೆಲ್ಲ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಇಂಗ್ಲಿಷಿನ ಗೋ ಎಷ್ಟು ಕಷ್ಟವೋ ಹೊರಗಿನಿಂದ ಬಂದವರಿಗೆ ನಮ್ಮ ಹೋಗುವೂ ಅಷ್ಟೇ ಕಷ್ಟ.

ಇದನ್ನು ಬರೆಯೋಕೆ ಕಾರಣ ಇದೆ. ಮೀಟಿಂಗಲ್ಲಿ ಕೆಲಸದ ಬಗ್ಗೆ ಎಲ್ಲ ಗೊತ್ತಿದ್ದೂ, ಕ್ರಿಯಾಪದ ತಪ್ಪಿದರೆ ಅಂತ ಮ್ಯೂಟ್‌ನಲ್ಲೇ ಕೂರೋ ಹಳ್ಳಿ ಹುಡುಗ ಹುಡುಗಿಯರನ್ನು ಪ್ರತಿ ಬ್ಯಾಚಿನಲ್ಲೂ ನೋಡ್ತೀನಿ. ಅವರು ಹೆದರೋದು ವ್ಯಾಕರಣಕ್ಕಲ್ಲ, ನಗುವಿಗೆ. ಆ ಪಟ್ಟಿಯನ್ನು ಬುದ್ಧಿವಂತಿಕೆಯ ಅಳತೆಗೋಲು ಅಂದುಕೊಂಡವರು ನಗ್ತಾರೆ. ಅದು ಅಳತೆಗೋಲಲ್ಲ. ಜನ ಕೈಗೆ ಸಿಕ್ಕಿದ್ದನ್ನು ಜೋಡಿಸಿಕೊಂಡು ಸಾವಿರ ವರ್ಷ ಮಾತಾಡಿದ್ದರ ಗುರುತು, ಅಷ್ಟೇ. ವೆಂಟ್ ಅಂತ ಕಲಿಯೋಣ, ಕೆಲಸಕ್ಕೆ ಬೇಕು. ಆದರೆ ಗೋಡ್ ಅಂದವರ ಮಾತು ಪೂರ್ತಿ ಕೇಳೋಣ. ಲಾಜಿಕ್ ಅವರ ಕಡೆಗೇ ಇದೆ.