ಮಹಾಮಾರಿಯ ದಿನಗಳಲ್ಲಿ ಕ್ರೈಸ್ತರು ಮತ್ತು ಮುಸಲ್ಮಾನರು

ನಮ್ಮ ಇಗರ್ಜಿಯು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಹಿರಿಯರು ನಮಗಾಗಿ ಬಿಟ್ಟುಹೋದ ಸಂಪತ್ತನ್ನು ನೆನೆಯುವುದು ಯೋಗ್ಯವಾದ ಕಾರ್ಯ. ಕಟ್ಟಡ, ಗಂಟೆ, ಪೀಠಗಳು ಮಾತ್ರವಲ್ಲ, ಪ್ರಾರ್ಥನೆಗಳೂ ಸಂಪತ್ತೇ. ಸಕಲ ಸಂತರ ಪ್ರಾರ್ಥನಾಮಾಲೆಯಲ್ಲಿ ವ್ಯಾಧಿ, ಕ್ಷಾಮ, ಯುದ್ಧಗಳಿಂದ ಬಿಡುಗಡೆಯನ್ನು ಬೇಡುವ ಮಾತನ್ನು ನಮ್ಮ ಅಜ್ಜ-ಅಜ್ಜಿಯರು ಬಾಯಿಪಾಠವಾಗಿ ಬಲ್ಲವರಾಗಿದ್ದರು. ಜನವರಿ 20ರಂದು ಸಂತ ಸೆಬಾಸ್ತಿಯಾನರ ಹಬ್ಬ. ಅವರ ಬಾಣವನ್ನು ಮನೆಮನೆಗೆ ಕೊಂಡೊಯ್ದು ಪೂಜ್ಯಭಾವದಿಂದ ಬರಮಾಡಿಕೊಳ್ಳುವ ಕೇರಳದ ಸಂಪ್ರದಾಯವನ್ನು, ಅಲ್ಲಿಂದ ಬಂದು ಕಡಬ, ಸುಳ್ಯಗಳ ಕಡೆ ನೆಲೆಸಿದ ಬಾಂಧವರು ಚೆನ್ನಾಗಿ ಬಲ್ಲರು. ಇತ್ತ ನಮ್ಮ ನೆರೆಯ ಬ್ಯಾರಿ ಬಾಂಧವರ ಮನೆಗಳಲ್ಲಿ ಮನ್‌ಕೂಸ್ ಮೌಲಿದ್ ಓದುವ ವಾಡಿಕೆಯಿದೆ. ಪೊನ್ನಾನಿಯ ವಿದ್ವಾಂಸ ಶೇಖ್ ಝೈನುದ್ದೀನ್ ಮಖ್ದೂಮರು ಸುಮಾರು ಐನೂರು ವರ್ಷಗಳ ಹಿಂದೆ, ಊರಿಗೆ ಸಾಂಕ್ರಾಮಿಕ ರೋಗವು ಬಂದಾಗ, ಇದನ್ನು ರಚಿಸಿದರೆಂಬುದು ಪ್ರತೀತಿ. ಒಂದೇ ಭಯ ಎರಡು ಅಂಗಳಗಳಲ್ಲಿ ಎರಡು ಪ್ರಾರ್ಥನೆಗಳಾಗಿ ಉಳಿದುಬಂದಿದೆ. ಆ ಭಯದ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಪ್ಲೇಗು ಇಲಿಗಳ ಮೈಮೇಲಿನ ಚಿಗಟಗಳಿಂದ ಮನುಷ್ಯನಿಗೆ ತಗಲುವ ರೋಗ. ಅದರ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಕಾಂಗ್‌ನಲ್ಲಿ ಕಂಡುಹಿಡಿದರು. ಚಿಗಟದ ಪಾತ್ರವನ್ನು ಸಿಮೋಂ ಎಂಬವರು 1898ರಲ್ಲಿ ಕರಾಚಿಯಲ್ಲಿ ಗುರುತಿಸಿದರು. ಮಧ್ಯಯುಗದ ಜನರಿಗೆ ಇದೊಂದೂ ತಿಳಿದಿರಲಿಲ್ಲ. 1347ರಲ್ಲಿ ಹಡಗುಗಳ ಮೂಲಕ ಸಿಸಿಲಿಯ ಮೆಸ್ಸಿನಾ ಬಂದರಿಗೂ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೂ ರೋಗ ಬಂದಿಳಿಯಿತು. 1351ರೊಳಗಾಗಿ ಯುರೋಪಿನ ಜನರಲ್ಲಿ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಮಂದಿ ಸತ್ತರೆಂದು ಇತಿಹಾಸಕಾರರು ಎಣಿಸುತ್ತಾರೆ. ಕೈರೋ, ದಮಾಸ್ಕಸ್, ಅಲೆಪ್ಪೊ ನಗರಗಳ ಪಾಡೂ ಅದೇ ಆಯಿತು.

ಕ್ರೈಸ್ತರು ಇದನ್ನು ಪಾಪಗಳಿಗಾಗಿ ದೇವರು ಕಳುಹಿಸಿದ ಶಿಕ್ಷೆಯೆಂದು ತಿಳಿದರು. ಅದರೊಂದಿಗೆ ಲೌಕಿಕ ಕಾರಣವನ್ನೂ ಹುಡುಕದೆ ಇರಲಿಲ್ಲ. 1345ರಲ್ಲಿ ಶನಿ, ಗುರು, ಮಂಗಳ ಗ್ರಹಗಳು ಕುಂಭರಾಶಿಯಲ್ಲಿ ಕೂಡಿದ್ದರಿಂದ ಗಾಳಿ ಕೆಟ್ಟಿತೆಂದು ಪ್ಯಾರಿಸಿನ ವೈದ್ಯ ಪಂಡಿತರು 1348ರಲ್ಲಿ ವರದಿಯಿತ್ತರು. ಜನರು ಉಪವಾಸ, ಮೆರವಣಿಗೆ, ಪಾಪನಿವೇದನೆಗಳಿಗೆ ಶರಣಾದರು. ಬಾಣಗಳಿಂದ ಚುಚ್ಚಲ್ಪಟ್ಟ ಸಂತ ಸೆಬಾಸ್ತಿಯಾನರನ್ನು ರೋಗವೆಂಬ ಬಾಣದಿಂದ ಕಾಪಾಡುವವರೆಂದು ನಂಬಿದರು. ಅನಂತರದ ಕಾಲದಲ್ಲಿ ರೋಗಿಗಳ ಸೇವೆ ಮಾಡಿದ ಸಂತ ರೋಕರ ಭಕ್ತಿಯೂ ಹಬ್ಬಿತು. ಸಾಯುವವರ ಬಳಿಗೆ ಹೋದ ಯಾಜಕರು ತಾವೂ ಸತ್ತರು. ಹೆದರಿ ಓಡಿಹೋದವರೂ ಉಂಟು. ಅದನ್ನು ನಾವು ಮರೆಮಾಚಬೇಕಾಗಿಲ್ಲ. ಇಂಗ್ಲೆಂಡಿನ ಬಾತ್ ಮತ್ತು ವೆಲ್ಸ್ ಧರ್ಮಪ್ರಾಂತದ ಬಿಷಪರಾಗಿದ್ದ ರಾಲ್ಫ್ ಅವರು 1349ರ ಜನವರಿಯಲ್ಲಿ ಪತ್ರವೊಂದನ್ನು ಬರೆದು, ಯಾಜಕರು ದೊರೆಯದಿದ್ದಲ್ಲಿ ಮರಣಾಸನ್ನರು ಶ್ರೀಸಾಮಾನ್ಯರ ಮುಂದೆ, ಅಗತ್ಯಬಿದ್ದರೆ ಹೆಂಗಸೊಬ್ಬಳ ಮುಂದೆಯೂ, ತಮ್ಮ ಪಾಪಗಳನ್ನು ಹೇಳಿಕೊಳ್ಳಬಹುದೆಂದು ತಿಳಿಸಿದರು. ಆ ದಿನಗಳಲ್ಲಿ ಅದೆಷ್ಟು ಇಗರ್ಜಿಗಳು ಯಾಜಕರಿಲ್ಲದೆ ಬರಿದಾಗಿದ್ದುವೆಂಬುದು ಈ ಒಂದು ಪತ್ರದಿಂದ ತಿಳಿಯುತ್ತದೆ.

ಮುಸಲ್ಮಾನರ ವಿಚಾರವು ಪ್ರವಾದಿವಚನಗಳ ಮೇಲೆ ನಿಂತಿತ್ತು. ರೋಗವಿರುವ ಊರಿಗೆ ಹೋಗಬಾರದು. ತಾನಿರುವ ಊರಿಗೆ ರೋಗ ಬಂದರೆ ಅಲ್ಲಿಂದ ಓಡಬಾರದು. ಸಹನೆಯಿಂದಿದ್ದು ಪ್ಲೇಗಿನಿಂದ ಸತ್ತ ವಿಶ್ವಾಸಿಗೆ ಹುತಾತ್ಮನ ಪದವಿ ದೊರೆಯುವುದು. ಆದುದರಿಂದ ಅವರ ಪಂಡಿತರಲ್ಲಿ ಅನೇಕರು ಪ್ಲೇಗನ್ನು ಶಿಕ್ಷೆಯೆನ್ನುವುದಕ್ಕಿಂತ ಭಕ್ತರಿಗೆ ದೇವರ ಕೃಪೆಯೆಂದೇ ವಿವರಿಸಿದರು. ಇದರಿಂದ ಅವರು ಕೈಕಟ್ಟಿ ಕುಳಿತರೆಂದು ತಿಳಿಯಬಾರದು. ಏಳನೆಯ ಶತಮಾನದಲ್ಲಿಯೇ, ಸಿರಿಯಾ ದೇಶದಲ್ಲಿ ಪ್ಲೇಗು ಹಬ್ಬಿದ ಸುದ್ದಿ ತಿಳಿದು ಖಲೀಫ ಉಮರರು ದಾರಿಯಲ್ಲಿಯೇ ಹಿಂದಿರುಗಿದ್ದರು. ದೇವರ ನಿರ್ಣಯದಿಂದ ಓಡುವಿರಾ ಎಂದು ಕೇಳಿದಾಗ, ಹಿಂದಿರುಗುವುದೂ ದೇವರ ನಿರ್ಣಯವೇ ಎಂಬರ್ಥದ ಉತ್ತರವನ್ನಿತ್ತರು. ರೋಗವು ಒಬ್ಬರಿಂದೊಬ್ಬರಿಗೆ ತಾನಾಗಿ ಅಂಟುವುದಿಲ್ಲವೆಂಬುದು ಬಹುಮಂದಿ ಪಂಡಿತರ ಮತವಾಗಿತ್ತು. ಆದರೆ ಗ್ರನಾಡದ ಮಂತ್ರಿಯೂ ವೈದ್ಯನೂ ಆಗಿದ್ದ ಇಬ್ನುಲ್ ಖತೀಬನು, ರೋಗಿಯನ್ನೂ ಅವನ ಬಟ್ಟೆಬರೆಗಳನ್ನೂ ಮುಟ್ಟಿದವರಿಗೆ ರೋಗ ಬರುವುದನ್ನೂ ದೂರವಿದ್ದವರು ಉಳಿಯುವುದನ್ನೂ ಕಣ್ಣಾರೆ ಕಂಡ ಮೇಲೆ ಸಾಂಕ್ರಾಮಿಕತೆಯನ್ನು ಅಲ್ಲಗಳೆಯಲಾಗದೆಂದು ಧೈರ್ಯವಾಗಿ ಬರೆದನು. ಕ್ರೈಸ್ತ ನಗರವಾದ ರಗೂಸ 1377ರಲ್ಲಿ, ರೋಗದ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗಿರಿಸುವ ಕಟ್ಟಳೆಯನ್ನು ಮಾಡಿತು. ಹೀಗೆ ಎರಡು ಧರ್ಮಗಳಲ್ಲಿಯೂ ವಿಶ್ವಾಸವೂ ವಿವೇಕವೂ ಜೊತೆಯಾಗಿಯೇ ನಡೆದುವು.

ಇನ್ನು ನಮ್ಮ ಮನಸ್ಸಿಗೆ ನೋವನ್ನುಂಟುಮಾಡುವ ಸಂಗತಿಯನ್ನು ಹೇಳಬೇಕು. ಯೆಹೂದ್ಯರು ಬಾವಿಗಳಿಗೆ ವಿಷವಿಕ್ಕಿದ್ದರಿಂದಲೇ ರೋಗ ಬಂತೆಂಬ ಸುಳ್ಳುಸುದ್ದಿ ಯುರೋಪಿನಲ್ಲಿ ಹಬ್ಬಿತು. ಸ್ಟ್ರಾಸ್‌ಬರ್ಗ್ ನಗರದಲ್ಲಿ 1349ರ ಫೆಬ್ರವರಿ 14ರಂದು ನೂರಾರು ಮಂದಿ ಯೆಹೂದ್ಯರನ್ನು ಜೀವಂತ ಸುಟ್ಟರು. ಆಗ ಆ ನಗರಕ್ಕೆ ರೋಗವು ಇನ್ನೂ ಕಾಲಿಟ್ಟಿರಲಿಲ್ಲ! ಕೊಂದವರು ಕ್ರಿಸ್ತನ ಹೆಸರನ್ನು ಹೊತ್ತವರು. ಆರನೆಯ ಕ್ಲೆಮೆಂಟ್ ಪೋಪರು ಅವಿಞೋನಿನಿಂದ 1348ರಲ್ಲಿಯೇ ಆಜ್ಞಾಪತ್ರಗಳನ್ನು ಹೊರಡಿಸಿ, ಯೆಹೂದ್ಯರೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಯೆಹೂದ್ಯರೇ ಇಲ್ಲದ ನಾಡುಗಳಲ್ಲಿಯೂ ರೋಗವಿದೆ, ಆದುದರಿಂದ ಈ ಅಪವಾದವು ನಂಬತಕ್ಕದ್ದಲ್ಲವೆಂದು ಸಾರಿದ್ದರು. ಅನೇಕ ಊರುಗಳಲ್ಲಿ ಅದಕ್ಕೆ ಯಾರೂ ಕಿವಿಗೊಡಲಿಲ್ಲ.

ಇದಕ್ಕೆ ಪ್ರತಿಯಾಗಿ ದಮಾಸ್ಕಸ್ ನಗರದ ಒಂದು ಚಿತ್ರವಿದೆ. ಅದನ್ನು ಬರೆದಿಟ್ಟವನು ನಮ್ಮ ಕರಾವಳಿಯನ್ನು ಕಂಡವನೇ. ಮೊರೊಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತನು 1340ರ ದಶಕದ ಆದಿಯಲ್ಲಿ ಹೊನ್ನಾವರ, ಮಂಗಳೂರುಗಳಿಗೆ ಬಂದಿದ್ದನು. ಮಂಗಳೂರಿನಲ್ಲಿ ಸುಮಾರು 4000 ಮುಸಲ್ಮಾನರಿದ್ದರೆಂದು ಬರೆದಿದ್ದಾನೆ. ಊರಿಗೆ ಹಿಂದಿರುಗುವ ದಾರಿಯಲ್ಲಿ, 1348ರಲ್ಲಿ, ಅವನು ದಮಾಸ್ಕಸ್‌ನಲ್ಲಿದ್ದನು. ಅಲ್ಲಿಯ ಅಧಿಪತಿಯು ಮೂರು ದಿನಗಳ ಉಪವಾಸವನ್ನು ಸಾರಿಸಿದನು. ಜನರು ರಾತ್ರಿಯೆಲ್ಲ ದೊಡ್ಡ ಮಸೀದಿಯಲ್ಲಿ ಪ್ರಾರ್ಥಿಸಿ, ಮುಂಜಾನೆ ಬರಿಗಾಲಿನಲ್ಲಿ ಊರ ಹೊರಗಿನ ಮಸೀದಿಗೆ ನಡೆದರು. ಮುಸಲ್ಮಾನರ ಕೈಯಲ್ಲಿ ಕುರಾನ್, ಯೆಹೂದ್ಯರ ಕೈಯಲ್ಲಿ ತೋರಾ, ಕ್ರೈಸ್ತರ ಕೈಯಲ್ಲಿ ಶುಭಸಂದೇಶ. ಹೆಂಗಸರು, ಮಕ್ಕಳು ಎಲ್ಲರೂ ಅಳುತ್ತಾ ಒಬ್ಬನೇ ದೇವರನ್ನು ಬೇಡಿದರು. ಅಲ್ಲಿಯೂ ಬೇರೆ ಕಾಲಗಳಲ್ಲಿ ಅನ್ಯಾಯಗಳು ನಡೆಯದೆ ಇರಲಿಲ್ಲ. ಆದರೆ ಆ ದಿನ ಆ ಊರು ಯಾರನ್ನೂ ಬೊಟ್ಟುಮಾಡಿ ದೂರಲಿಲ್ಲ.

ಮಧ್ಯಯುಗವು ಕಳೆದರೂ ಪ್ಲೇಗು ಕಳೆಯಲಿಲ್ಲ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗವು ಹಬ್ಬಿದಾಗ, ಬೀದಿಯಲ್ಲಿ ಬಿದ್ದ ರೋಗಿಗಳನ್ನು ಹೊತ್ತು ಆರೈಕೆ ಮಾಡಿದ ಸಂತ ಅಲೋಶಿಯಸರು ತಾವೂ ಅದಕ್ಕೆ ತುತ್ತಾಗಿ ಇಪ್ಪತ್ತಮೂರರ ವಯಸ್ಸಿನಲ್ಲಿ ಮಡಿದರು. ಮಂಗಳೂರಿನ ಕಾಲೇಜು ಹೊತ್ತಿರುವುದು ಅವರ ಹೆಸರನ್ನೇ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಮೈಸೂರು ಸೀಮೆಯನ್ನು ಹೊಕ್ಕಿತು. ಬೆಂಗಳೂರಿನ ಜನರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ರೋಗವು ಮಂಗಳೂರನ್ನು ಕಾಡಿದಾಗ, ಕಂಕನಾಡಿಯಲ್ಲಿ 1880ರಿಂದ ಬಡವರಿಗೆ ಔಷಧ ಕೊಡುತ್ತಿದ್ದ ಜರ್ಮನಿಯ ಜೆಸುಯಿಟ್ ಗುರುಗಳು, ಪೂಜ್ಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳು, 1902ರಲ್ಲಿ ಪ್ಲೇಗು ರೋಗಿಗಳಿಗಾಗಿಯೇ ಆಸ್ಪತ್ರೆಯನ್ನು ತೆರೆದರು. ಅವರ ಬಾಗಿಲಲ್ಲಿ ಜಾತಿಮತಗಳ ವಿಚಾರಣೆಯಿರಲಿಲ್ಲ. ಇಂದು ಪುತ್ತೂರು, ಸುಳ್ಯ, ಕಡಬಗಳ ಹಿಂದೂ, ಮುಸಲ್ಮಾನ, ಕ್ರೈಸ್ತ ಕುಟುಂಬಗಳು ಕಾಯಿಲೆಯಾದಾಗ ಒಂದೇ ಬಸ್ಸಿನಲ್ಲಿ ಕಂಕನಾಡಿಗೆ ಹೋಗುವುದು ಆ ಸೇವೆಯ ಫಲವೇ.

ಈ ಇತಿಹಾಸ ನಮಗೆ ದೂರದ್ದೆಂದು ತೋರಬಹುದು. ಆದರೆ 2020ರಲ್ಲಿ ಕೊರೋನಾ ಬಂದು ಇಗರ್ಜಿ, ಮಸೀದಿ, ದೇವಸ್ಥಾನಗಳ ಬಾಗಿಲುಗಳು ಒಟ್ಟಿಗೇ ಮುಚ್ಚಿದಾಗ, ರೋಗವನ್ನು ಹಬ್ಬಿಸಿದವರು ಮುಸಲ್ಮಾನರೆಂಬ ಮಾತು ನಮ್ಮ ದೇಶದಲ್ಲಿಯೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಬಾವಿಗೆ ವಿಷವಿಕ್ಕಿದರೆಂಬ ಹಳೆಯ ಸುಳ್ಳೇ ಹೊಸ ವೇಷದಲ್ಲಿ ಬಂದಿತ್ತು. ರೋಗ ದೇವರ ಶಿಕ್ಷೆಯೋ ಕೃಪೆಯೋ ಎಂದು ಹಿಂದಿನವರು ಚರ್ಚಿಸಿದರು. ಅದರ ತೀರ್ಮಾನ ಅವರಿಂದಾಗಲಿಲ್ಲ, ನಮ್ಮಿಂದಲೂ ಆಗದು. ಆದರೆ ಯಾತನೆಯ ಕಾಲದಲ್ಲಿ ನೆರೆಯವನನ್ನು ಏನೆಂದು ಕಾಣಬೇಕೆಂಬ ವಿಷಯದಲ್ಲಿ ಪ್ರಭು ಯೇಸುವಿನ ಬೋಧನೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಸ್ಟ್ರಾಸ್‌ಬರ್ಗಿನವರಿಗೂ ಜಪ, ಉಪವಾಸ, ಬಲಿಪೂಜೆಗಳಿದ್ದುವು. ನೆರೆಯವನು ಮಾತ್ರ ಅವರ ಪ್ರಾರ್ಥನೆಯ ಹೊರಗುಳಿದಿದ್ದನು.

ನಮ್ಮ ಇಗರ್ಜಿಯ ಎರಡನೆಯ ಶತಮಾನದಲ್ಲಿಯೂ ಕಷ್ಟಕಾಲಗಳು ಬಾರದಿರವು. ಮುಂದಿನ ಜನವರಿಯಲ್ಲಿ ಸಂತ ಸೆಬಾಸ್ತಿಯಾನರ ಮುಂದೆ ಮೊಣಕಾಲೂರುವಾಗ ನಮ್ಮ ಮನೆಯವರ ಆರೋಗ್ಯದೊಂದಿಗೆ ಬೇಲಿಯಾಚೆಯ ಮನೆಯವರ ಆರೋಗ್ಯಕ್ಕಾಗಿಯೂ ಬೇಡೋಣ. ಅಲ್ಲಿ ಮೌಲಿದ್ ಓದುವವರ ಪ್ರಾರ್ಥನೆಯೂ ನಮ್ಮ ಪ್ರಾರ್ಥನೆಯೂ ಮೇಲೇರಿ ಹೋಗುವುದು ಒಬ್ಬನೇ ತಂದೆಯ ಸನ್ನಿಧಿಗೆ.