ಅಕ್ಕಿಯ ಮೇಲೆ ಬರೆದ ಹೆಸರು

ಮದುವೆಗೆ ಕರೆಯಲು ಹಿಂದೆ ಕಾಗದವೇ ಬೇಕಿರಲಿಲ್ಲ. ಕುಂಕುಮದ ಭರಣಿ, ಒಂದು ಬಟ್ಟಲು ಅಕ್ಷತೆ ಹಿಡಿದು ಹೆಂಗಸರು ಮನೆಮನೆ ಸುತ್ತಿ ಬಂದರೆ ಊರಿಗೆಲ್ಲ ಕರೆದಂತಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟಿತು. ಆಮೇಲೆ ಮೊಳೆಯಚ್ಚಿನ ಮುದ್ರಣಾಲಯಗಳು ಊರೂರಿಗೆ ಬಂದವು, ಅವುಗಳ ಬೆನ್ನಿಗೆ ಲಗ್ನಪತ್ರಿಕೆಯೂ ಬಂತು. ಆಗ ಕರೆಯುವ ಕೆಲಸದ ಅರ್ಧ ಭಾಗ ಗಂಡಸರ ಕೈಗೆ ಹೋಯಿತೆಂದು ನನಗನಿಸುತ್ತದೆ. ಒಕ್ಕಣೆ ಬರೆಯುವವರು ಅವರು, ಕೆಳಗೆ ಹೆಸರು ಹಾಕಿಸುವವರೂ ಅವರೇ. ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದಷ್ಟೇ ನಮ್ಮ ಪಾಲಿಗೆ ಉಳಿಯಿತು.

ಇದೆಲ್ಲ ತಲೆಗೆ ಬಂದದ್ದು 2024ರ ಬೇಸಿಗೆಯಲ್ಲಿ, ಅಪ್ಪ ಅವ್ವನ ಮದುವೆಯ ಐವತ್ತನೆಯ ವರ್ಷಕ್ಕೆ ಪತ್ರಿಕೆ ಆರಿಸಲು ಕೂತಾಗ. ಹಾಗೆ ನೋಡಿದರೆ ಇಂಥ ಆಚರಣೆ ನಮ್ಮ ಹಿರಿಯರದಲ್ಲ. ನಮ್ಮಲ್ಲಿದ್ದದ್ದು ಷಷ್ಟ್ಯಬ್ದಿ. ಅದರಲ್ಲಿ ಹೆಂಡತಿಗೆ ಮತ್ತೆ ತಾಳಿ ಕಟ್ಟುತ್ತಾರೇನೋ ನಿಜ, ಆದರೆ ಎಣಿಸುವುದು ಗಂಡನ ಅರವತ್ತು ವರ್ಷಗಳನ್ನು. ಇಪ್ಪತ್ತೈದಕ್ಕೆ ಬೆಳ್ಳಿ, ಐವತ್ತಕ್ಕೆ ಬಂಗಾರ ಎಂಬ ಲೆಕ್ಕ ಯುರೋಪಿನದು. ನಮ್ಮ ಜನಕ್ಕೆ ಅದು ಮೊದಲು ಪರಿಚಯವಾದದ್ದು ದೊರೆಗಳ ಉತ್ಸವಗಳಿಂದ ಇರಬೇಕು. 1887ರಲ್ಲಿ ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವ ನಡೆಯಿತು, 1927ರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ರಜತ ಮಹೋತ್ಸವ. ಪರದೇಶದ್ದಾದರೂ ಈ ಲೆಕ್ಕ ನನಗೆ ಹಿಡಿಸುತ್ತದೆ. ಇದು ಇಬ್ಬರೂ ಕೂಡಿ ಕಳೆದ ವರ್ಷಗಳನ್ನು ಎಣಿಸುತ್ತದೆ.

ಅಂಗಡಿಯವನು ದಪ್ಪ ದಪ್ಪ ಆಲ್ಬಮ್ಮುಗಳನ್ನು ಹರವಿದ. ಶಿವಕಾಶಿಯ ಕಾರ್ಡುಗಳು, ಬಂಗಾರದ ಬಣ್ಣದ ಗಣಪತಿ, ಮಖಮಲ್ಲಿನ ಲಕೋಟೆ. ಕಾರ್ಡೇನೋ ಅರ್ಧ ತಾಸಿನಲ್ಲಿ ಗೊತ್ತಾಯಿತು, ಬಿಳಿ ಕಾಗದಕ್ಕೆ ಕೆಂಪು ಅಂಚು. ತೊಡಕು ಬಂದದ್ದು ಒಕ್ಕಣೆಗೆ.

ಅಪ್ಪನ ಮೇಜಿನ ಪಕ್ಕ ಒಂದು ತಂತಿಯಿದೆ. ಬಂದ ಪತ್ರಿಕೆಗಳನ್ನೆಲ್ಲ ಚುಚ್ಚಿಡುವ ತಂತಿ. ತೀರ ತಳದಲ್ಲಿ ಅವರದೇ ಲಗ್ನಪತ್ರಿಕೆ ಸಿಕ್ಕಿತು: ಶಕೆ 1896, ಆನಂದ ನಾಮ ಸಂವತ್ಸರ, ವೈಶಾಖ. 2024 ಕ್ರೋಧಿ ಸಂವತ್ಸರ. “ಆನಂದದಾಗ ಶುರು ಮಾಡಿ ಕ್ರೋಧಿಗೆ ಬಂದು ಮುಟ್ಟಿದ್ವಿ ನೋಡು,” ಎಂದು ಅಪ್ಪ ನಕ್ಕರು. ಅವ್ವ ನಗಲಿಲ್ಲ. ಅವಳು ‘ಚಿ. ಸೌ.’ ಎಂಬುದರ ಮುಂದಿನ ಹೆಸರನ್ನು ಓದುತ್ತಿದ್ದಳು. ಅದು ಅವಳ ತವರಿನ ಹೆಸರು. ಅಚ್ಚಿನಲ್ಲಿ ಆ ಹೆಸರು ಬಂದದ್ದು ಅದೇ ಕೊನೆ.

ದಕ್ಷಿಣದ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1956ರವರೆಗೆ ಧಾರವಾಡದ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಮರಾಠಿ ಸೀಮೆಯ ಹಾಗೆ ಇಲ್ಲಿಯೂ ಅನೇಕ ಮನೆಗಳಲ್ಲಿ ಮದುವೆಯ ದಿನ ವಧುವಿಗೆ ಹೊಸ ಹೆಸರಿಡುತ್ತಿದ್ದರು. ತಟ್ಟೆಯಲ್ಲಿ ಅಕ್ಕಿ ಹರವಿ, ವರ ಅದರ ಮೇಲೆ ಉಂಗುರದಿಂದ ಆ ಹೆಸರು ಬರೆಯುತ್ತಿದ್ದ. ಅಮೆರಿಕಕ್ಕೆ ಹೋಗಿ 1886ರಲ್ಲಿ ವೈದ್ಯೆಯಾದ ಆನಂದಿಬಾಯಿ ಜೋಶಿ ತವರಿನಲ್ಲಿ ಯಮುನಾ ಆಗಿದ್ದಳು. ಜಗತ್ತಿಗೆ ಗೊತ್ತಿರುವುದು ಅಕ್ಕಿಯ ಮೇಲಿನ ಹೆಸರೇ. ಇತ್ತ ಗಂಡನ ಹೆಸರನ್ನು ಈಕೆ ಹೇಳುವುದು ಒಡಪಿನಲ್ಲಿ ಮಾತ್ರ, ಅದೂ ಎಲ್ಲರೂ ಬಾಗಿಲಿಗೆ ಅಡ್ಡ ನಿಂತು ಪೀಡಿಸಿದ ಮೇಲೆ!

ತಂತಿಯ ಉಳಿದ ಪತ್ರಿಕೆಗಳನ್ನೂ ತಿರುವಿದೆ. ನನ್ನ ಮದುವೆಯದರಲ್ಲಿ, ತಮ್ಮನ ಮುಂಜಿವೆಯದರಲ್ಲಿ ಕೆಳಗಿರುವುದು ಅಪ್ಪ, ಕಾಕಾ, ಅಜ್ಜ. ಅವ್ವ ‘ಸಕುಟುಂಬ’ ಎಂಬ ಒಂದು ಮಾತಿನೊಳಗೆ ಅಡಗಿದ್ದಾಳೆ. ಅಜ್ಜಿಗಂತೂ ಅದೂ ಇಲ್ಲ. ಹೆಂಗಸಿನ ಹೆಸರಿನ ಹಿಂದಿನ ‘ಸೌ.’ ಗಂಡ ತೀರಿದ ದಿನ ಉದುರುತ್ತದೆ. ಮರಾಠಿ ಪತ್ರಿಕೆಗಳಲ್ಲಿ ಅದರ ಜಾಗಕ್ಕೆ ‘ಗಂ. ಭಾ.’, ಅಂದರೆ ಗಂಗಾ ಭಾಗೀರಥಿ, ಬರುತ್ತದೆ. ಗಂಡಸಿನ ‘ಶ್ರೀ’ಗೆ ಮಾತ್ರ ಯಾರ ಸಾವಿನಿಂದಲೂ ಧಕ್ಕೆಯಿಲ್ಲ.

“ಈಗಿನ ಹೆಸರು ಸಾಕಲ್ಲ, ಎಲ್ಲಾರಿಗೂ ಅದ ಗೊತ್ತದ,” ಎಂದರು ಅಪ್ಪ. ತಪ್ಪೇನಿಲ್ಲ, ಐವತ್ತು ವರ್ಷ ಅವರು ಕರೆದದ್ದು ಅದನ್ನೇ. ಅವ್ವ ಬಹಳ ಹೊತ್ತು ಸುಮ್ಮನಿದ್ದು, “ಎಲ್ಲಾರಂದ್ರ ಯಾರು? ನಮ್ಮಕ್ಕ ಬರತಾಳ, ಸಾಲಿ ಗೆಳತ್ಯಾರು ಇಬ್ಬರು ಬರತಾರ. ಅವರಿಗೆ ಈಕಿ ಯಾರು ಅಂತ ತಿಳೀಬೇಕಲ್ಲ? ಎರಡೂ ಹಾಕಸು,” ಎಂದಳು.

ಕರಡು ಬಂತು. ಅಚ್ಚಿನವನು ಎರಡು ಹೆಸರುಗಳ ನಡುವೆ ‘ಉರ್ಫ್’ ಎಂದು ಸೇರಿಸಿದ್ದ, ಉತಾರದಲ್ಲೋ ಕೋರ್ಟಿನ ಸಮನ್ಸಿನಲ್ಲೋ ಬರೆಯುವ ಹಾಗೆ. ಅವ್ವ ಅದನ್ನು ಹೊಡೆಸಿದಳು. ತವರಿನ ಹೆಸರು ಮೊದಲು, ಅಕ್ಕಿಯದು ಆಮೇಲೆ, ನಡುವೆ ಒಂದು ಅಲ್ಪವಿರಾಮ. ಅಪ್ಪನ ಹೆಸರು ಅದರ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ.

ನೂರೈವತ್ತು ಪತ್ರಿಕೆ ಮಾಡಿಸಿದೆವು. ಅರಿಶಿನ ಹಚ್ಚಲು ಈ ಸಲ ಅಪ್ಪನೂ ಕೂತರು. ಹತ್ತು ಮುಗಿಯುವುದರೊಳಗೆ ಅವರ ಧೋತರವೆಲ್ಲ ಹಳದಿಯಾಗಿತ್ತು.